ಮಕ್ಕಳಿಗೆ ತಾಳ್ಮೆ ಕಲಿಸುವ ಬಗೆ: ಸಂಜೆಯ ದೀಪದಿಂದ ಆರಂಭಿಸಿ

ದಿನಕ್ಕೆ ಎಷ್ಟು ಸಲ ಮಕ್ಕಳಿಗೆ ‘ತಡಿ’ ಎನ್ನುತ್ತೇವೆ ಎಂದು ಒಮ್ಮೆ ಲೆಕ್ಕ ಹಾಕಿದರೆ ನಮಗೇ ಆಶ್ಚರ್ಯವಾಗುತ್ತದೆ. ಹಾಲು ಆರಲಿ ತಡಿ, ಅಪ್ಪ ಬರಲಿ ತಡಿ, ಅಣ್ಣನದು ಮುಗಿಯಲಿ ತಡಿ. ಆದರೆ ಕಾಯುವುದು ಹೇಗೆ, ಕಾಯುವ ಹೊತ್ತಿನಲ್ಲಿ ಮನಸ್ಸನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ನಾವು ಹೇಳಿಕೊಡುವುದಿಲ್ಲ. ಬರಿಗೈಯಲ್ಲಿ ಕಾಯುವುದು ದೊಡ್ಡವರಿಗೇ ಕಷ್ಟವಾಗಿರುವಾಗ ಮೂರು ವರ್ಷದ ಮಗುವಿನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತ, ಶನಿವಾರ ಸಂಜೆ ಓಣಿಯ ಮಕ್ಕಳಿಗೆ ಭಜನೆ ಹೇಳಿಕೊಡುತ್ತ ನನಗೆ ಮನವರಿಕೆಯಾದದ್ದು ಇಷ್ಟು: ತಾಳ್ಮೆಯನ್ನು ನೇರವಾಗಿ ಕಲಿಸಲು ಬರುವುದಿಲ್ಲ, ನಂಬಿಕೆಯನ್ನು ಬೆಳೆಸಬಹುದು, ನಂಬಿಕೆಯಿದ್ದ ಮಗು ತಾನಾಗಿಯೇ ಕಾಯುತ್ತದೆ. ಪ್ರಾರ್ಥನೆಯು ಆ ನಂಬಿಕೆಗೆ ದಿನವೂ ನೀರೆರೆಯುವ ಕೆಲಸ. ನಾನು ಹಿಡಿದ ಕ್ರಮವನ್ನು ಹಾಗೆಯೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ನಮ್ಮ ಮಾತು ನಂಬುವಂತಿರಲಿ

ದೇವರ ಕೋಣೆಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸವಿದು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 3ರಿಂದ 5 ವರ್ಷದ 28 ಮಕ್ಕಳ ಮೇಲೆ ನಡೆಸಿದ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಓದಿದಂದಿನಿಂದ ನಾನು ಅದನ್ನು ಮರೆತಿಲ್ಲ. ಮಗುವಿನ ಮುಂದೆ ಒಂದು ಸಿಹಿಯನ್ನಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಎಂದು ಹೇಳುವ ಹಳೆಯ ಪ್ರಯೋಗವನ್ನೇ ಅವರು ಮಾಡಿದರು. ಆದರೆ ಅದಕ್ಕೂ ಮುಂಚೆ ಅರ್ಧ ಮಕ್ಕಳಿಗೆ ಚಿತ್ರ ಬರೆಯಲು ಒಳ್ಳೆಯ ಬಣ್ಣಗಳನ್ನು ತರುತ್ತೇವೆ ಎಂದು ಹೇಳಿ ತಂದುಕೊಟ್ಟರು, ಉಳಿದ ಅರ್ಧ ಮಕ್ಕಳಿಗೆ ಹಾಗೆಯೇ ಹೇಳಿ ಬರಿಗೈಯಲ್ಲಿ ಮರಳಿ ಬಂದರು. ಕೊಟ್ಟ ಮಾತು ಉಳಿದದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ್ದನ್ನು ಕಂಡ ಮಕ್ಕಳು 3 ನಿಮಿಷ. ಕಾಯದ ಮಕ್ಕಳಲ್ಲಿ ಸಂಯಮ ಇರಲಿಲ್ಲ ಎಂದು ಹೇಳಲಾಗದು. ಬರುವುದೆಂಬ ಭರವಸೆ ಇಲ್ಲದ ಕಡೆ ಕಾಯುವುದರಲ್ಲಿ ಅರ್ಥವಿಲ್ಲ ಎಂದು ಅವು ಸರಿಯಾಗಿಯೇ ತಿಳಿದುಕೊಂಡಿದ್ದವು.

ಇದನ್ನು ನಾನು ನನ್ನ ಮನೆಯ ಹೊಸ್ತಿಲಲ್ಲೇ ಕಂಡಿದ್ದೇನೆ. ಮಗಳಿಗೆ ಆಗ ನಾಲ್ಕು ವರ್ಷ. ‘ಐದು ನಿಮಿಷ ತಡಿ ಪುಟ್ಟಿ, ಕೆರಿ ಕಡೆ ಕರ್ಕೊಂಡು ಹೋಗ್ತೀನಿ’ ಎಂದು ಹೇಳಿ ಒಳಗೆ ಹೋದವಳು ಫೋನಿನಲ್ಲಿ ಮಾತಿಗೆ ಕೂತು ಮುಕ್ಕಾಲು ಗಂಟೆ ಕಳೆದುಬಿಟ್ಟೆ. ಹೊರಗೆ ಬಂದಾಗ ಅವಳು ಚಪ್ಪಲಿ ಹಾಕಿಕೊಂಡು, ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಮೇಲೆಯೇ ಕುಳಿತಿದ್ದಳು; ಹೊರಗೆ ಕತ್ತಲಾಗಿತ್ತು. ಅಂದು ಅವಳು ಅಳಲಿಲ್ಲ. ಮರುದಿನ ನಾನು ‘ತಡಿ’ ಎಂದ ಕೂಡಲೇ ಅಳು ಶುರುವಾಯಿತು. ಕಾಣುವ ತಾಯಿಯ ಮಾತಿಗೇ ಬೆಲೆಯಿಲ್ಲದಿದ್ದರೆ ಕಾಣದ ದೇವರ ಮೇಲೆ ಭಾರ ಹಾಕು ಎಂದು ಆ ಮಗುವಿಗೆ ಯಾವ ಬಾಯಿಂದ ಹೇಳುವುದು?

ಆದ್ದರಿಂದ ಮೊದಲ ಎರಡು ವಾರ ಪ್ರಾರ್ಥನೆಯ ಮಾತನ್ನೇ ಎತ್ತದೆ, ಕೊಟ್ಟ ಸಣ್ಣ ಸಣ್ಣ ಮಾತುಗಳನ್ನು ಉಳಿಸಿಕೊಳ್ಳುವ ಅಭ್ಯಾಸವನ್ನು ನೀವು ಮಾಡಿಕೊಳ್ಳಿ. ಗಡಿಯಾರ ನೋಡಲು ಬಾರದ ಮಗುವಿಗೆ ‘ಐದು ನಿಮಿಷ’ ಎಂಬುದು ಅರ್ಥವಾಗುವುದಿಲ್ಲ. ಕುಕ್ಕರ್ ಮೂರು ಸಲ ಕೂಗಲಿ, ಬಿಸಿಲು ತುಳಸಿಕಟ್ಟೆಯಿಂದ ಇಳಿಯಲಿ, ಈ ಬಟ್ಟೆಗಳನ್ನೆಲ್ಲ ಮಡಚಿ ಮುಗಿಯಲಿ ಎಂದರೆ ಅರ್ಥವಾಗುತ್ತದೆ. ಮಾತು ತಪ್ಪಿದರೆ ನೆವ ಹೇಳದೆ, ತಪ್ಪಾಯಿತು ಎಂದು ಮಗುವಿಗೇ ಹೇಳಬೇಕು. ಇನ್ನೊಂದು ಎಚ್ಚರಿಕೆಯೂ ಇಲ್ಲಿಯೇ ಬರುತ್ತದೆ: ದೇವರ ಪರವಾಗಿ ನಾವು ಮಾತು ಕೊಡಬಾರದು. ‘ಜಾಣಿಯಾಗಿ ಕೈ ಮುಗಿ, ದೇವರು ಸೈಕಲ್ ಕೊಡ್ತಾನ’ ಎಂದು ಹೇಳಿ, ಸೈಕಲ್ ಬಾರದೆ ಹೋದಾಗ ಸುಳ್ಳಾಗುವುದು ನಮ್ಮ ಮಾತು. ಮಗುವಿನ ಕಣ್ಣಲ್ಲಿ ಸಣ್ಣವನಾಗುವವನು ದೇವರು.

ಎರಡನೆಯ ಹೆಜ್ಜೆ: ಬತ್ತಿ ಹೊಸೆಯುವುದು, ದೀಪ ಹಚ್ಚುವುದು

ಪ್ರಾರ್ಥನೆಯನ್ನು ಬಾಯಿಂದ ಆರಂಭಿಸುವುದಕ್ಕಿಂತ ಕೈಯಿಂದ ಆರಂಭಿಸುವುದು ಮಕ್ಕಳಿಗೆ ಸುಲಭ. ಅಂಗಡಿಯಲ್ಲಿ ಸಿಗುವ ಸಿದ್ಧ ಬತ್ತಿಗಳನ್ನು ಬದಿಗಿಟ್ಟು, ಒಂದು ಹಿಡಿ ಹತ್ತಿಯನ್ನು ಮಗುವಿನ ಮುಂದೆ ಇಡಿ. ಬೀಜವಿದ್ದರೆ ಬಿಡಿಸಲಿ. ಸ್ವಲ್ಪ ಹತ್ತಿಯನ್ನು ಹೂವಿನ ಹಾಗೆ ಅಗಲ ಮಾಡಿ, ನಡುವಿನಿಂದ ತುದಿಯನ್ನು ಮೇಲಕ್ಕೆಳೆದು, ಬೆರಳಿಗೆ ಒಂದಿಷ್ಟು ವಿಭೂತಿಯನ್ನೋ ಒಂದು ಹನಿ ಹಾಲನ್ನೋ ತಗುಲಿಸಿಕೊಂಡು ಹೊಸೆದರೆ ಹೂಬತ್ತಿಯಾಗುತ್ತದೆ. ಮೊದಲ ಹತ್ತು ಬತ್ತಿಗಳು ಕೆಡುತ್ತವೆ, ಕೆಡಲಿ. ಅವಸರದಿಂದ ಎಳೆದರೆ ಹತ್ತಿ ಹರಿಯುತ್ತದೆ, ಮೆಲ್ಲಗೆ ತಿರುವಿದರೆ ತುದಿ ನಿಲ್ಲುತ್ತದೆ ಎಂಬುದನ್ನು ಬೆರಳೇ ಕಲಿತುಕೊಳ್ಳುತ್ತದೆ. ನಾವು ಬಾಯಿ ಬಿಡಬೇಕಾಗಿಲ್ಲ.

ಹಣತೆಗೆ ಎಣ್ಣೆ ಹಾಕಿ ಬತ್ತಿ ಇಟ್ಟ ಕೂಡಲೇ ಕಡ್ಡಿ ಗೀರಲು ಮಕ್ಕಳು ಹಾತೊರೆಯುತ್ತಾರೆ. ಒಂದು ದಿನ ಬೇಕೆಂದೇ ಬಿಟ್ಟುಬಿಡಿ. ಒಣಬತ್ತಿ ಭಗ್ಗನೆ ಹತ್ತಿ, ತುದಿ ಕರಕಾಗಿ, ಹೊಗೆಯಾಡಿ ಆರುತ್ತದೆ. ಮರುದಿನ ಬತ್ತಿ ಎಣ್ಣೆ ಕುಡಿಯುವವರೆಗೂ ಕಾಯಲು ಹೇಳಿ, ಆ ಹೊತ್ತಿನಲ್ಲಿ ನಿಮಗೆ ಬರುವ ಎರಡು ಸಾಲಿನ ಶ್ಲೋಕವನ್ನೋ ಹಾಡನ್ನೋ ಇಬ್ಬರೂ ಹೇಳಿಕೊಳ್ಳಿ. ಎಣ್ಣೆ ತುದಿಯವರೆಗೆ ಏರಿದ್ದನ್ನು ನೋಡಿ ಹಚ್ಚಿದ ದೀಪ ನೆಟ್ಟಗೆ ಉರಿಯುತ್ತದೆ. ಕಡ್ಡಿ ಗೀರುವ ಕೆಲಸ ಮಾತ್ರ ದೊಡ್ಡವರದೇ ಆಗಿರಲಿ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಟಿವಿ ಮತ್ತು ಫೋನುಗಳು ಸುಮ್ಮನಿರುವಾಗ ಇದು ನಡೆಯಬೇಕು. ಮೂರು ವರ್ಷದ ಮಗುವಿಗೆ ಎರಡು ನಿಮಿಷ ಸಾಕು, ಆರು ವರ್ಷದವರಿಗೆ ಐದು ನಿಮಿಷ. ಹಿಂದೆ ಅನೇಕ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಶ್ಲೋಕದ ಜೊತೆಗೆ ವಾರ, ತಿಥಿ, ಇಪ್ಪತ್ತೇಳು ನಕ್ಷತ್ರಗಳು, ಮಗ್ಗಿ ಎಲ್ಲವನ್ನೂ ಬಾಯಿಪಾಠ ಒಪ್ಪಿಸುವ ಪದ್ಧತಿಯಿತ್ತು; ಈಗಿನ ಮಕ್ಕಳನ್ನು ಅಷ್ಟು ಹೊತ್ತು ಕೂರಿಸಲು ಹೋಗಬೇಡಿ. ಇನ್ನೂ ಸ್ವಲ್ಪ ಇರಬೇಕಿತ್ತು ಎನಿಸುವಾಗಲೇ ಎದ್ದರೆ ಮರುದಿನ ಮಗು ತಾನೇ ಬಂದು ಕೂರುತ್ತದೆ.

ಮೂರನೆಯ ಹೆಜ್ಜೆ: ನೈವೇದ್ಯದ ತನಕ

ಹಬ್ಬದ ದಿನ ಕಡುಬಿನ ಘಮ ಮನೆಯನ್ನೆಲ್ಲ ತುಂಬಿರುವಾಗ, ದೇವರಿಗೆ ತೋರಿಸುವ ತನಕ ಮುಟ್ಟಬಾರದು ಎಂಬ ನಿಯಮ ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ತಾಳ್ಮೆಯ ಇಂಥ ಪಾಠ ಬೇರೆಲ್ಲಿಯೂ ಸಿಗುವುದಿಲ್ಲ. ಏಕೆಂದರೆ ಇಲ್ಲಿ ಮಗುವಿನೊಡನೆ ಅಜ್ಜ, ಅಪ್ಪ, ಅಮ್ಮ ಎಲ್ಲರೂ ಕಾಯುತ್ತಾರೆ, ಮತ್ತು ಗಂಟೆಯ ಸದ್ದಿನೊಂದಿಗೆ ಆ ಕಾಯುವಿಕೆ ಖಂಡಿತವಾಗಿ ಮುಗಿಯುತ್ತದೆ. ಗಂಟೆ ಬಾರಿಸುವ ಕೆಲಸವನ್ನು ಮಗುವಿಗೇ ಕೊಡಿ. ಆದರೆ ಪೂಜೆ ಮಧ್ಯಾಹ್ನ ಎರಡರವರೆಗೆ ಎಳೆದರೆ ಸಣ್ಣ ಮಕ್ಕಳನ್ನು ಹಸಿದಿರಿಸಬಾರದು. ನನ್ನ ಅಜ್ಜಿ ಮಡಿಯಲ್ಲಿ ಬಹಳ ಕಟ್ಟುನಿಟ್ಟಿನವಳು. ಅವಳು ಕೂಡ ಬೆಳಗ್ಗೆಯೇ ಮಕ್ಕಳಿಗೆಂದು ಬೇರೆ ಪಾತ್ರೆಯಲ್ಲಿ ಅವಲಕ್ಕಿ ಕಲಸಿಡುತ್ತಿದ್ದಳು. ಹೊಟ್ಟೆ ಚುರುಗುಟ್ಟುವ ಮಗು ತಾಳ್ಮೆಯನ್ನು ಕಲಿಯುವುದಿಲ್ಲ, ಪೂಜೆಯ ಮೇಲೆ ಸಿಟ್ಟಾಗುವುದನ್ನು ಕಲಿಯುತ್ತದೆ.

ನಾಲ್ಕನೆಯ ಹೆಜ್ಜೆ: ಏನನ್ನು ಕೇಳಬೇಕು, ಹೇಗೆ ಕೇಳಬೇಕು

ಐದಾರು ವರ್ಷದ ಹೊತ್ತಿಗೆ ಮಕ್ಕಳು ತಮ್ಮದೇ ಮಾತಿನಲ್ಲಿ ದೇವರೊಡನೆ ಮಾತಾಡಬಲ್ಲರು. ಕಲಿಸಿದ ಶ್ಲೋಕದ ಕೊನೆಗೆ ಒಂದು ನಿಮಿಷವನ್ನು ಇದಕ್ಕೆ ಬಿಡಿ. ನಮ್ಮ ಮನೆಯಲ್ಲಿ ರೂಢಿಯಾದದ್ದು ಹೀಗೆ: ಮೊದಲು ಇಂದು ಆದದ್ದನ್ನು ಹೇಳುವುದು, ಆಮೇಲೆ ಬೇಕಾದದ್ದನ್ನು ಕೇಳುವುದು, ಕೊನೆಗೆ ‘ಇನ್ನ ನೀನು ನೋಡ್ಕೋ’ ಎಂದು ಬಿಟ್ಟು ಏಳುವುದು. ಮೂರನೆಯದೇ ಮುಖ್ಯ. ಕೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ, ಕೇಳಿದ ಮೇಲೆ ಕೈಬಿಡುವುದನ್ನು ಕಲಿಸಬೇಕು. ಮಗು ಆಟಿಕೆಯನ್ನೇ ಕೇಳಿದರೂ ಗದರಬೇಡಿ. ಆಸೆಯನ್ನು ದೇವರ ಮುಂದೆ ಹೇಳಿಕೊಳ್ಳುವುದೂ ಪ್ರಾರ್ಥನೆಯೇ. ಅದರ ಪಕ್ಕದಲ್ಲಿ ‘ಸಿಗೋ ತನಕ ತಾಳೋ ಶಕ್ತಿ ಕೊಡು’ ಎಂಬ ಮಾತನ್ನು ನೀವು ನಿಮ್ಮ ಸರದಿಯಲ್ಲಿ ಗಟ್ಟಿಯಾಗಿ ಹೇಳಿ. ಅಮ್ಮನೂ ಕಾಯುತ್ತಿದ್ದಾಳೆ, ಅಮ್ಮನಿಗೂ ತಾಳ್ಮೆ ಸಾಲುತ್ತಿಲ್ಲ ಎಂದು ಕೇಳಿಸಿಕೊಂಡ ಮಗು ಕಣ್ಣು ತೆರೆದು ನಮ್ಮ ಮುಖ ನೋಡುತ್ತದೆ.

ಮಗು ರಂಪ ಮಾಡುತ್ತಿರುವಾಗ ಪ್ರಾರ್ಥನೆಯನ್ನು ತರಬೇಡಿ. ಆಗ ಅಪ್ಪಿಕೊಂಡು ಕೂರುವುದೇ ಸರಿ. ಅಳು ಇಳಿದ ಮೇಲೆ ಇಬ್ಬರೂ ಸೇರಿ ನಿಧಾನವಾಗಿ ಹತ್ತು ಸಲ ಇಷ್ಟದೇವರ ಹೆಸರು ಹೇಳಬಹುದು. ‘ಹೋಗಿ ದೇವರ ಮುಂದೆ ಕೂತ್ಕೋ’ ಎಂಬುದನ್ನು ಶಿಕ್ಷೆಯಾಗಿ ಬಳಸಿದ ಮನೆಯಲ್ಲಿ ಮಕ್ಕಳು ದೇವರ ಕೋಣೆಯನ್ನು ಶಾಲೆಯ ಬೆಂಚಿನ ಹಾಗೆ ಕಾಣತೊಡಗುತ್ತಾರೆ. ‘ದೇವರು ಕಣ್ಣು ಕೀಳ್ತಾನ’ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಹೆದರಿ ಸುಮ್ಮನಿರುವ ಮಗುವನ್ನು ತಾಳ್ಮೆಯ ಮಗು ಎಂದು ನಾವು ತಪ್ಪು ತಿಳಿಯುತ್ತೇವೆ. ಮನೆಯಲ್ಲೂ ಶಾಲೆಯಲ್ಲೂ ಒಂದು ಕಡೆ ಕೂರಲು ಮಗುವಿಗೆ ಸಾಧ್ಯವೇ ಆಗುತ್ತಿಲ್ಲವಾದರೆ ಅದನ್ನು ಭಕ್ತಿಯ ಕೊರತೆಯೆಂದು ಎಣಿಸದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಐದನೆಯ ಹೆಜ್ಜೆ: ಒಂಬತ್ತು ದಿನದ ಕಾಳು

ದಿನದ ಅಭ್ಯಾಸ ಕುದುರಿದ ಮೇಲೆ ವರ್ಷಕ್ಕೊಮ್ಮೆಯಾದರೂ ಒಂದು ದೀರ್ಘವಾದ ಕಾಯುವಿಕೆಯನ್ನು ಮಗುವಿನ ಕೈಗೆ ಕೊಡಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಯ ಪಾಡ್ಯದಂದು ಘಟಸ್ಥಾಪನೆ ಮಾಡುವಾಗ ಮಣ್ಣು ಹರಡಿ ಜೋಳ, ಗೋಧಿ ಮೊದಲಾದ ಕಾಳುಗಳನ್ನು ಬಿತ್ತುತ್ತೇವೆ. ಒಂಬತ್ತು ದಿನವೂ ಪಕ್ಕದಲ್ಲಿ ನಂದಾದೀಪ ಉರಿಯುತ್ತದೆ. ಇದನ್ನೇ ಪಾಠವಾಗಿಸಿಕೊಳ್ಳಬಹುದು. ಹಿಂದಿನ ರಾತ್ರಿ ಕಾಳು ನೆನೆಸುವುದರಿಂದ ಹಿಡಿದು ದಿನವೂ ನೀರು ಚಿಮುಕಿಸುವವರೆಗೆ ಎಲ್ಲವನ್ನೂ ಮಗುವೇ ಮಾಡಲಿ, ನೀವು ಪಕ್ಕದಲ್ಲಿರಿ. ನಿಯಮ ಎರಡೇ: ದಿನಕ್ಕೆ ಒಂದೇ ಸಲ ನೀರು, ಮತ್ತು ಮಣ್ಣು ಕೆದಕಬಾರದು.

ನನ್ನ ಮಗ ಐದು ವರ್ಷದವನಿದ್ದಾಗ ಎರಡನೆಯ ದಿನವೇ ಕೆದಕಿದ. ಬೆಳಗ್ಗೆ ನೋಡಿದರೆ ಒಂದು ಮೂಲೆಯಲ್ಲಿ ಬೆರಳಿನ ಗುರುತು, ನಾಲ್ಕು ಜೋಳದ ಕಾಳು ಮೇಲೆ ಬಿದ್ದಿದ್ದವು. ಒಂದರಿಂದ ಎಳ್ಳಿನಷ್ಟು ಬಿಳಿಯ ಬೇರು ಹೊರಟು, ಗಾಳಿಗೆ ಬಾಡಿ ಕಂದಾಗಿತ್ತು. ನಾನು ಬೈಯಲಿಲ್ಲ. ಆ ಕಾಳನ್ನು ಅವನ ಅಂಗೈ ಮೇಲಿಟ್ಟೆ. ‘ಇದು ಬರ್ತಿತ್ತೇನವ್ವಾ?’ ಎಂದು ಕೇಳಿದ. ಬರುತ್ತಿತ್ತು ಎಂದೆ. ಉಳಿದ ಏಳು ದಿನ ಅವನು ಬೆಳಗ್ಗೆ ಎದ್ದವನೇ ಬಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. ದೀಪದ ಮುಂದೆ ಅವನ ಪ್ರಾರ್ಥನೆಯೆಲ್ಲ ಆ ಕಾಳುಗಳದೇ. ಮೂರನೆಯ ದಿನ ಏನೂ ಕಾಣಲಿಲ್ಲ. ನಾಲ್ಕನೆಯ ದಿನ ಮಣ್ಣು ಅಲ್ಲಲ್ಲಿ ಬಿರಿಯಿತು. ಐದನೆಯ ದಿನ ಹಳದಿ ಮೊಳಕೆ. ದಸರೆಯಂದು ಗೇಣುದ್ದ ಬೆಳೆದ ಸಸಿಗಳನ್ನು ಕಿತ್ತು, ಒಂದನ್ನು ಅಜ್ಜನ ಟೊಪ್ಪಿಗೆಗೆ ಸಿಕ್ಕಿಸಿ, ‘ಬನ್ನಿ ಕೊಟ್ಟು ಬಂಗಾರದಂಗ ಇರೋಣು’ ಎಂದ. ಮಣ್ಣಿನೊಳಗೆ ಕಾಣದಿರುವಾಗಲೂ ಕೆಲಸ ನಡೆಯುತ್ತಿರುತ್ತದೆ ಎಂಬುದನ್ನು ಅವನಿಗೆ ನಾನು ವಿವರಿಸಬೇಕಾಗಲಿಲ್ಲ.

ಈ ಬಗೆಯ ಕಾಯುವಿಕೆ ಎಲ್ಲ ಮನೆಗಳಲ್ಲೂ ಇದೆ. ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಂದು ಒಂದೊಂದೇ ಮೇಣದಬತ್ತಿಯನ್ನು ಹೆಚ್ಚಿಸುತ್ತ ಹೋಗುವ ಆಗಮನ ಕಾಲ ಇದೆ. ಮುಸ್ಲಿಂ ಕುಟುಂಬಗಳಲ್ಲಿ ರಂಜಾನ್ ಸಂಜೆ ಖರ್ಜೂರದ ತಟ್ಟೆಯ ಮುಂದೆ ಮನೆಮಂದಿಯೆಲ್ಲ ಕುಳಿತು ಅಜಾನ್‌ಗಾಗಿ ಕಿವಿಗೊಡುವ ಹೊತ್ತು ಇದೆ. ನಿಮ್ಮ ಮನೆಯ ಪದ್ಧತಿಯಲ್ಲಿ ಇರುವುದನ್ನೇ ಹಿಡಿಯಿರಿ, ಹೊಸದನ್ನು ಹುಡುಕಬೇಕಾಗಿಲ್ಲ. ಉಡುಪಿಯಲ್ಲಿ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ನಡೆಯುವ ಪರ್ಯಾಯಕ್ಕೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತವೆಂದು ಬಾಳೆಗಿಡ ನೆಡುತ್ತಾರೆ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಎಂಟು ಮಠಗಳಲ್ಲಿ ಒಂದರ ಸರದಿ ಮತ್ತೆ ಬರುವುದು 16 ವರ್ಷಕ್ಕೆ. ಇದನ್ನು ಹೇಳಿದಾಗ ನಮ್ಮ ಭಜನೆಯ ಮಕ್ಕಳಲ್ಲಿ ಒಬ್ಬಳು ಬೆರಳು ಮಡಚಿ ಎಣಿಸಿ, ಅಷ್ಟೊತ್ತಿಗೆ ತನ್ನ ಕಾಲೇಜೂ ಮುಗಿದಿರುತ್ತದೆ ಎಂದು ಬೆರಗಾದಳು.

ಆರನೆಯ ಹೆಜ್ಜೆ: ಕಥೆಗಳನ್ನು ಎಚ್ಚರದಿಂದ ಹೇಳುವುದು

ಧ್ರುವನ ಕಥೆಯನ್ನು ಎಲ್ಲರೂ ಹೇಳುತ್ತೇವೆ: ಐದು ವರ್ಷದ ಹುಡುಗ, ಮಲತಾಯಿ ಸುರುಚಿಯ ಕಟುಮಾತು, ನಾರದರ ಉಪದೇಶ, ಯಮುನೆಯ ದಡದ ಮಧುವನದಲ್ಲಿ ಆರು ತಿಂಗಳ ತಪಸ್ಸು. ಆದರೆ ‘ಹಟ ಹಿಡಿದ, ಸಿಕ್ಕಿತು’ ಎಂದು ಅಲ್ಲಿಗೇ ಮುಗಿಸಿದರೆ ಮಕ್ಕಳು ಹಟವನ್ನಷ್ಟೇ ಕಲಿಯುತ್ತಾರೆ. ಭಾಗವತದಲ್ಲಿ ಮುಂದಿನ ಮಾತೂ ಇದೆ: ಭಗವಂತನನ್ನು ಕಂಡ ಮೇಲೆ ಧ್ರುವನಿಗೆ ತಾನು ಬಯಸಿ ಬಂದದ್ದು ಎಷ್ಟು ಸಣ್ಣದು ಎನಿಸಿ, ಪದವಿ ದೊರೆತ ಮೇಲೂ ಮನಸ್ಸು ನೊಂದಿತು. ಕಾಯುತ್ತ ಕಾಯುತ್ತ ಆಸೆಯೇ ಬದಲಾಗುತ್ತದೆ ಎಂಬ ಈ ಭಾಗವನ್ನು ಎಂಟು ವರ್ಷ ದಾಟಿದ ಮಕ್ಕಳಿಗೆ ತಪ್ಪದೆ ಹೇಳಿ. ಶಬರಿಯದು ಇದಕ್ಕಿಂತ ಮೃದುವಾದ ಕಥೆ. ರಾಮ ಬರುತ್ತಾನೆ ಎಂದು ಗುರುಗಳು ಹೇಳಿದ ಒಂದು ಮಾತನ್ನು ನಂಬಿ ಅವಳು ಮುಪ್ಪಿನ ತನಕ ಕಾದಳು, ಅವನಿಗಾಗಿ ಕಾಡಿನ ಫಲಗಳನ್ನು ಕೂಡಿಸಿಟ್ಟಳು. ಹಂಪಿಗೆ ಹೋದಾಗ ಮಾತಂಗ ಪರ್ವತವನ್ನೂ ಆನೆಗೊಂದಿಯ ಹತ್ತಿರದ ಪಂಪಾ ಸರೋವರವನ್ನೂ ಮಕ್ಕಳಿಗೆ ತೋರಿಸಿ, ಶಬರಿ ಕಾದದ್ದು ಇಲ್ಲಿಯೇ ಎಂಬ ನಂಬಿಕೆಯನ್ನು ಅಲ್ಲಿಯೇ ಕುಳಿತು ಹೇಳಿ.

ಹಾಡುಗಳಲ್ಲಿ ಈ ವಿಷಯಕ್ಕೆ ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ ಕೀರ್ತನೆಗಿಂತ ಹತ್ತಿರವಾದದ್ದನ್ನು ನಾನು ಕಾಣೆ. ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು, ಕಲ್ಲಿನಲ್ಲಿ ಹುಟ್ಟಿದ ಕಪ್ಪೆಗೆ ಆಹಾರ ತಂದವರು ಯಾರು ಎಂದು ಅದು ಕೇಳುತ್ತ ಹೋಗುವುದರಿಂದ ಸಣ್ಣವರಿಗೂ ಅದು ಒಗಟಿನ ಹಾಗೆ ರುಚಿಸುತ್ತದೆ. ನಮ್ಮ ಭಜನೆಯಲ್ಲಿ ನಾನು ಪ್ರಶ್ನೆಯ ಸಾಲನ್ನು ಹಾಡಿ ನಿಲ್ಲುತ್ತೇನೆ. ಮಕ್ಕಳು ತಾವು ಕಂಡ ಒಂದು ಹಕ್ಕಿಯ, ಒಂದು ಇರುವೆಯ ಹೆಸರು ಸೇರಿಸಿ ಅದಕ್ಕೆ ಆಹಾರ ಕೊಟ್ಟವರು ಯಾರು ಎಂದು ಕೇಳುತ್ತಾರೆ.

ದೇವಸ್ಥಾನದ ಸಾಲಿನ ಬಗ್ಗೆ ಒಂದು ಮಾತು. ಧರ್ಮಸ್ಥಳದಂಥ ಕ್ಷೇತ್ರಗಳಲ್ಲಿ ರಜೆಯ ದಿನ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಮಕ್ಕಳಿದ್ದಾರೆಂದು ಎಲ್ಲ ಕಡೆಯೂ ವಿಶೇಷ ದರ್ಶನದ ದಾರಿ ಹಿಡಿಯುವುದು ನನಗೆ ಸರಿಕಾಣುವುದಿಲ್ಲ. ಹಣವಿದ್ದವರು ಕಾಯಬೇಕಾಗಿಲ್ಲ ಎಂಬ ಪಾಠ ದೇವರ ಬಾಗಿಲಲ್ಲೇ ಆಗಿಹೋಗುತ್ತದೆ. ಜನ ಕಡಿಮೆಯಿರುವ ದಿನ ನೋಡಿಕೊಂಡು, ನೀರು, ತಿಂಡಿ ಕಟ್ಟಿಕೊಂಡು, ಎಲ್ಲರ ಜೊತೆ ಸಾಲಿನಲ್ಲೇ ನಿಲ್ಲಿ. ಕೂಸುಗಳಿಗೂ ವೃದ್ಧರಿಗೂ ಇರುವ ಬೇರೆ ವ್ಯವಸ್ಥೆಯನ್ನು ಬಳಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಕೊನೆಯ ಹೆಜ್ಜೆ: ಕೇಳಿದ್ದು ಸಿಗದಿದ್ದಾಗ

ಇಲ್ಲಿಯವರೆಗಿನದೆಲ್ಲ ಸುಲಭ. ಎಂದಾದರೊಂದು ದಿನ ಮಗು ನಂಬಿ ಕೇಳಿದ್ದು ಸಿಗುವುದಿಲ್ಲ. ‘ದೇವರು ಯಾಕ ಕೊಡಲಿಲ್ಲ?’ ಎಂಬ ಪ್ರಶ್ನೆಗೆ ಅವಸರದ ಉತ್ತರ ಕೊಡಬೇಡಿ. ನೀನು ತಪ್ಪು ಮಾಡಿದ್ದಕ್ಕೆ ಎನ್ನಬಾರದು. ಮಗು ಅದನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತದೆ. ಇದಕ್ಕಿಂತ ಒಳ್ಳೆಯದು ಸಿಗುತ್ತದೆ ಎಂದೂ ಹೇಳಬಾರದು, ಅದು ನಮಗೆ ಗೊತ್ತಿಲ್ಲದ ಮಾತು. ‘ನನಗೂ ಗೊತ್ತಿಲ್ಲವ್ವಾ, ನನಗೂ ಕೆಟ್ಟನಿಸೇತಿ’ ಎಂಬುದು ಸಾಕಾಗುತ್ತದೆ. ದುಃಖ ಪಡಲು ಬಿಡಿ. ದೇವರ ಮೇಲೆ ಸಿಟ್ಟಾದರೆ ಸಿಟ್ಟನ್ನೂ ಅವನಿಗೇ ಹೇಳು ಎನ್ನಿ. ಅವನನ್ನು ಬೈದು ಹಾಡಿದ ಭಕ್ತರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮಗಳು ಏಳನೆಯ ತರಗತಿಯಲ್ಲಿದ್ದಾಗ ಜಿಲ್ಲಾ ಮಟ್ಟದ ಖೊಖೊ ತಂಡಕ್ಕೆ ಸೇರಬೇಕೆಂದು ಎರಡು ತಿಂಗಳು ದಿನವೂ ಬೇಡಿಕೊಂಡಳು, ದಿನವೂ ಓಡಿದಳು. ಆಯ್ಕೆಯಾಗಲಿಲ್ಲ. ಅಂದು ಸಂಜೆ ದೀಪದ ಹೊತ್ತಿಗೆ ಕರೆದರೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಅವಳ ಅಜ್ಜಿ ಗದರಲು ಹೊರಟಾಗ ನಾನು ಬೇಡವೆಂದೆ. ನಾಲ್ಕು ದಿನ ನಾನೊಬ್ಬಳೇ ಬತ್ತಿ ಹೊಸೆದು, ಅವಳ ಮಣೆಯನ್ನು ಮಾತ್ರ ದಿನವೂ ಪಕ್ಕದಲ್ಲಿ ಹಾಕಿಡುತ್ತಿದ್ದೆ. ಐದನೆಯ ಸಂಜೆ ಬಂದು ಕುಳಿತಳು. ‘ಇವತ್ತ ಏನೂ ಕೇಳೂದಿಲ್ಲ. ಸುಮ್ಮನ ಕುಂದರ್ತೀನಿ’ ಎಂದಳು. ಆಗಲಿ ಎಂದು ಹತ್ತಿಯ ಡಬ್ಬಿಯನ್ನು ಅವಳ ಕಡೆ ಸರಿಸಿದೆ.